ಹಸಿರು ಗೆರೆ ಹಾಯುವಷ್ಟು ಕಿಂಡಿ

ಫೆಬ್ರುವರಿ ಬಂತೆಂದರೆ ಕಾಗಿನೆಲೆಯ ಸುತ್ತಿನ ಕಣಗಳಲ್ಲಿ ಮೆಣಸಿನಕಾಯಿ ಹರವಿರುತ್ತಾರೆ. ಬ್ಯಾಡಗಿ ಕಾಯಿಗೆ ಹೆಸರು ಬಂದದ್ದು ಖಾರಕ್ಕಿಂತ ಹೆಚ್ಚಾಗಿ ಬಣ್ಣಕ್ಕೆ. ಹಗಲೆಲ್ಲ ಕಣ್ಣು ಕುಕ್ಕುವ ಆ ಕೆಂಪು ಹೊತ್ತು ಮುಳುಗಿ ಕತ್ತಲು ಇಳಿಯುತ್ತಿದ್ದಂತೆ ಕರ್ರಗಾಗಿಬಿಡುತ್ತದೆ. ಬದುವಿನ ಹಸಿರು ಮಾತ್ರ ಇನ್ನಷ್ಟು ಹೊತ್ತು ಮಸುಕಾಗಿ ಉಳಿದಿರುತ್ತದೆ. ಚಿಕ್ಕಂದಿನಿಂದ ನೋಡುತ್ತ ಬಂದ ಈ ಸಂಗತಿಗೆ ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿಯ ಹೆಸರಿದೆ ಎಂದು ನನಗೆ ತಿಳಿದದ್ದು ಎಂ.ಎ. ಮುಗಿದ ಮೇಲೆ, ಅದೂ ಒಂದು ತಪ್ಪು ಖರೀದಿಯ ದೆಸೆಯಿಂದ.

ನನ್ನ ಪಿಎಚ್‌.ಡಿ. ವಿಷಯ 19ನೆಯ ಶತಮಾನದಲ್ಲಿ ಮುಂಬಯಿ ಕರ್ನಾಟಕದಲ್ಲಿ ನಡೆದ ಭೂಮಾಪನ. ದೂರದರ್ಶಕ ಹವ್ಯಾಸ. ಆರಿಂಚಿನ ಒಂದು ಹಳೆಯ ದೂರದರ್ಶಕವನ್ನು ಗೆಳೆಯನಿಂದ ಕೊಂಡಿದ್ದೆ. ತಡವಾಗಿ ಬಂದ ಫೆಲೋಶಿಪ್ ಹಣ ಕೈಸೇರಿದ ವಾರವೇ ನೀಹಾರಿಕೆ ನೋಡಲೆಂದು ಒಂದು ಫಿಲ್ಟರ್ ತರಿಸಿಕೊಂಡೆ. ಬೀದಿದೀಪದ ಬೆಳಕನ್ನು ತಡೆಯುತ್ತದೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ಅದು ಸುಳ್ಳೇನೂ ಅಲ್ಲ. ಹಳದಿ ಸೋಡಿಯಂ ದೀಪ ತನ್ನ ಬೆಳಕಿನ ಬಹುಪಾಲನ್ನು 589 ನ್ಯಾನೋಮೀಟರ್ ಆಸುಪಾಸಿನಲ್ಲೇ ಚೆಲ್ಲುತ್ತದೆ. ಪಾದರಸದ ದೀಪ 436, 546 ಎಂದು ಕೆಲವೇ ಜಾಗಗಳಲ್ಲಿ. ಆ ಜಾಗಗಳನ್ನಷ್ಟೇ ಮುಚ್ಚಿದರೆ ಆಕಾಶ ಕಪ್ಪಾಗುತ್ತದೆ. ಆದರೆ ಅಷ್ಟರಲ್ಲಿ ನಮ್ಮ ಓಣಿಗೆ ಎಲ್‌ಇಡಿ ಬಂದಿತ್ತು. ಬಿಳಿ ಎಲ್‌ಇಡಿಯ ಬೆಳಕು 450ರ ಸುತ್ತ ನೀಲಿಯಲ್ಲಿ ಒಂದು ಗುಡ್ಡ ಕಟ್ಟುತ್ತದೆ, 480ರ ಹತ್ತಿರ ತಗ್ಗುತ್ತದೆ, ಆಮೇಲೆ ಹಸಿರಿನಿಂದ ಕೆಂಪಿನವರೆಗೆ ಒಂದೇ ಅಗಲ ದಿಬ್ಬ. ಎರಡು ಬಾಗಿಲಿಗೆ ಅಗುಳಿ ಹಾಕಿ ಗೋಡೆಯನ್ನೇ ಕೆಡವಿದ ಮನೆಯಂತಾಯಿತು ನನ್ನ ಫಿಲ್ಟರ್. ಹಣ ಹೋಯಿತು, ನೀಹಾರಿಕೆ ಕಾಣಲಿಲ್ಲ.

ಎರಡನೆಯ ಸಲ ಕೊಳ್ಳುವ ಮೊದಲು ಓದಿಕೊಳ್ಳಬೇಕೆನಿಸಿತು. ಓದುತ್ತ ಹೋದರೆ ದಾರಿ ತಿರುಗಿ ನನ್ನ ಪ್ರಬಂಧದ ಊರುಗಳಿಗೇ ಬಂತು.

ಆಕಾಶಕ್ಕೂ ಬಣ್ಣದ ಗಾಜಿಗೂ ಇರುವ ನಂಟಿನಲ್ಲಿ ಹರ್ಷೆಲ್ ಮನೆತನ ಮತ್ತೆ ಮತ್ತೆ ಎದುರಾಗುತ್ತದೆ. ವಿಲಿಯಂ ಹರ್ಷೆಲ್ ಸೂರ್ಯನನ್ನು ನೋಡಲು ಬಗೆಬಗೆಯ ಬಣ್ಣದ ಗಾಜುಗಳನ್ನು ಪರೀಕ್ಷಿಸುತ್ತಿದ್ದಾಗ, ಕೆಲವು ಗಾಜು ಬೆಳಕನ್ನು ತಡೆದರೂ ಶಾಖವನ್ನು ಬಿಡುತ್ತವೆ ಎಂದು ಗಮನಿಸಿದ. ಆ ಕುತೂಹಲವೇ 1800ರಲ್ಲಿ ಅವಕೆಂಪು ಕಿರಣಗಳ ಶೋಧಕ್ಕೆ ಒಯ್ದಿತು. ಅದಕ್ಕೂ ಹತ್ತು ವರ್ಷ ಮೊದಲು, ವೃಷಭ ರಾಶಿಯ ಒಂದು ಮಸುಕು ನಕ್ಷತ್ರದ ಸುತ್ತ ಮಂಜಿನಂಥ ಪ್ರಭೆ ಕಂಡು, ಎಲ್ಲ ನೀಹಾರಿಕೆಗಳೂ ದೂರದ ನಕ್ಷತ್ರಗಳ ಗುಂಪಲ್ಲ, ಕೆಲವು ನಿಜವಾಗಿ ಹೊಳೆಯುವ ದ್ರವ್ಯವೇ ಇರಬೇಕು ಎಂದು ಊಹಿಸಿದ್ದ. ಊಹೆಯನ್ನು ಒರೆಗೆ ಹಚ್ಚುವ ಸಾಧನ ಅವನ ಕಾಲದಲ್ಲಿ ಇರಲಿಲ್ಲ.

ಆ ಸಾಧನ ರೋಹಿತದರ್ಶಕ. 1864ರ ಆಗಸ್ಟ್ 29ರ ರಾತ್ರಿ ಲಂಡನ್ನಿನ ಟಲ್ಸ್ ಹಿಲ್‌ನಲ್ಲಿ ವಿಲಿಯಂ ಹಗಿನ್ಸ್ ಅದನ್ನು ಡ್ರೇಕೋ ನಕ್ಷತ್ರಪುಂಜದ ಒಂದು ನೀಹಾರಿಕೆಗೆ ಹಿಡಿದ. ನಕ್ಷತ್ರದ ಬೆಳಕಾಗಿದ್ದರೆ ಕಾಮನಬಿಲ್ಲಿನ ಪಟ್ಟಿಯಾಗಿ ಹರಡಬೇಕಿತ್ತು. ಕಂಡದ್ದು ಬಿಡಿ ಗೆರೆಗಳು, ಅದರಲ್ಲೂ ಒಂದು ಹಸಿರು ಗೆರೆ ಎದ್ದು ಕಾಣುತ್ತಿತ್ತು. ಹಾಗೆ ಹೊಳೆಯುವುದು ಅನಿಲ ಮಾತ್ರ. ಆ ಹಸಿರಿಗೆ ಭೂಮಿಯ ಮೇಲೆ ಜೋಡಿ ಸಿಗದೆ ‘ನೆಬ್ಯುಲಿಯಂ’ ಎಂಬ ಇಲ್ಲದ ಧಾತುವೊಂದನ್ನು ಬಹುಕಾಲ ನಂಬಿದ್ದರು. ಅದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕದ ಬೆಳಕು ಎಂದು ಐರಾ ಬೋವೆನ್ ತೋರಿಸಿಕೊಟ್ಟದ್ದು 1927ರಲ್ಲಿ.

ಹಗಿನ್ಸ್‌ಗೆ ಒಂದು ತೊಡಕಿತ್ತು. ಲಂಡನ್ನಿನಿಂದ ದಕ್ಷಿಣದ ದೊಡ್ಡ ನೀಹಾರಿಕೆಗಳು ಕಾಣುವುದೇ ಇಲ್ಲ. ಅವು ಕಾಣುವುದು ನಮಗೆ. ಆಗ ಇಲ್ಲಿ ಒಬ್ಬ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಇದ್ದ: ವಿಲಿಯಂನ ಮೊಮ್ಮಗ, ದಕ್ಷಿಣದ ಆಕಾಶವನ್ನು ದಾಖಲಿಸಲು 1834ರಿಂದ 1838ರವರೆಗೆ ಆಫ್ರಿಕದ ಕೇಪ್‌ನಲ್ಲಿ ಬೀಡುಬಿಟ್ಟಿದ್ದ ಸರ್ ಜಾನ್ ಹರ್ಷೆಲ್‌ನ ಮಗ. ಭಾರತದ ತ್ರಿಕೋನಮಿತಿ ಸರ್ವೆಯಲ್ಲಿ ಎಂಜಿನಿಯರ್. ರಾಯಲ್ ಸೊಸೈಟಿ ಅವನಿಗೆ ಐದಿಂಚಿನ ದೂರದರ್ಶಕವನ್ನೂ ರೋಹಿತದರ್ಶಕವನ್ನೂ ಒದಗಿಸಿತು. 1868ರಲ್ಲಿ ಆತ ದಕ್ಷಿಣದ ನೀಹಾರಿಕೆಗಳ ರೋಹಿತ ನೋಡಿ ಸೊಸೈಟಿಗೆ ವರದಿ ಬರೆದ. ಅದೇ ವರ್ಷದ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣ. ಈ ಉಪಕರಣ ಜಮಖಂಡಿಗೆ ಹೋಯಿತು. ವಿಜಾಪುರದಲ್ಲಿ ಕ್ಯಾಪ್ಟನ್ ಹೇಗ್ ಬೇರೊಂದು ಕೈ ರೋಹಿತದರ್ಶಕ ಹಿಡಿದು ನಿಂತಿದ್ದ. ಜಮಖಂಡಿಯಲ್ಲಿ ಮುಂಗಾರು ಮೋಡ ಕಾಡಿತು. ಮೋಡ ಸರಿದ ಸಂದಿಯಲ್ಲಿ, ಸೂರ್ಯನ ಅಂಚಿನ ಜ್ವಾಲೆಯ ಬೆಳಕು ಕೆಂಪು, ಕಿತ್ತಳೆ, ನೀಲಿ ಎಂಬ ಮೂರು ಗೆರೆಗಳಾಗಿ ಹರ್ಷೆಲ್‌ಗೆ ಕಂಡಿತು. ಕಿತ್ತಳೆ ಗೆರೆಯನ್ನು ಆತ ಸೋಡಿಯಂನ ಗೆರೆಯ ಜಾಗಕ್ಕೇ ಸೇರಿಸಿದ. ಅದು ಹೀಲಿಯಂ ಆಗಿತ್ತು. ಭೂಮಿಯ ಮೇಲೆ ಹೀಲಿಯಂ ಸಿಕ್ಕಿದ್ದು 1895ರಲ್ಲಿ.

ಐದಿಂಚು! ನನ್ನದಕ್ಕಿಂತ ಒಂದಿಂಚು ಕಡಿಮೆ. ಇದನ್ನು ಓದಿದ ದಿನ ನಾನು ಗ್ರಂಥಾಲಯದಿಂದ ಹೊರಗೆ ಬಂದು ಸುಮ್ಮನೆ ಕೂತಿದ್ದೆ. ರೈಲು ಕಾಣದ ಜಮಖಂಡಿಗೆ ಆ ಹಿತ್ತಾಳೆ, ಕಬ್ಬಿಣ, ಗಾಜುಗಳು ಚಕ್ಕಡಿಯ ಮೇಲೋ ಹೆಗಲ ಮೇಲೋ ಹೋಗಿರಬೇಕು. ಗಡಿಯಾರ ನೋಡಿ ಸೆಕೆಂಡು ಕೂಗಿದವರು, ಕಂದೀಲು ಹಿಡಿದವರು, ಗ್ರಹಣದ ಹೊತ್ತಿನಲ್ಲಿ ಹೊರಗೆ ನಿಂತದ್ದಕ್ಕೆ ಮನೆಯಲ್ಲಿ ಬೈಸಿಕೊಂಡವರು ಇದ್ದಿರಬೇಕು. ವರದಿ ಎಂಬುದೂ ತನಗೆ ಬೇಕಾದ ಗೆರೆಯನ್ನಷ್ಟೇ ಹಾಯಲು ಬಿಡುತ್ತದೆ. ನನ್ನ ಪ್ರಬಂಧ ಹುಡುಕುತ್ತಿರುವುದು ಆಚೆ ಉಳಿದವರನ್ನು. ಮಾರ್ಗದರ್ಶಕರಿಗೆ ಇದು ಇತಿಹಾಸಕ್ಕಿಂತ ಕಥೆಯ ಹಾಗೆ ಕೇಳುತ್ತದೆ. ಆ ಜಗಳ ಇನ್ನೂ ಮುಗಿದಿಲ್ಲ.

ಫಿಲ್ಟರ್ ಆಯ್ಕೆಗೆ ಮಾತ್ರ ಆ ಲೆಫ್ಟಿನೆಂಟ್ ಕೇಳಿದ ಪ್ರಶ್ನೆಯೇ ಸಾಕು: ಈ ಬೆಳಕು ಪಟ್ಟಿಯೋ, ಗೆರೆಯೋ? ಅನಿಲದ ನೀಹಾರಿಕೆಯಾದರೆ ಬರಿಗಣ್ಣಿಗೆ ಮುಖ್ಯವಾದ ಮೂರು ಗೆರೆಗಳು ಒಂದರ ಪಕ್ಕ ಒಂದಿವೆ: ಆಮ್ಲಜನಕದ 500.7 ಮತ್ತು 495.9, ಜಲಜನಕದ 486.1. ಜಲಜನಕದ ಕೆಂಪು ಗೆರೆ 656ರಲ್ಲಿದೆ, ಫೋಟೋಗಳಲ್ಲಿ ನೀಹಾರಿಕೆ ಕೆಂಪಗಿರುವುದು ಅದರಿಂದ. ಆದರೆ ರಾತ್ರಿಯ ಕಣ್ಣಿಗೆ ಆ ಕೆಂಪು ಕಣದ ಮೆಣಸಿನಕಾಯಿಯಂತೆ, ಇದ್ದೂ ಇಲ್ಲ. ಕತ್ತಲಿಗೆ ಒಗ್ಗಿದ ಕಣ್ಣು ಅತಿ ಚುರುಕಾಗಿರುವುದು 507ರ ಹತ್ತಿರ, ಅಂದರೆ ಆಮ್ಲಜನಕದ ಹಸಿರಿನ ಮಗ್ಗುಲಲ್ಲೇ. ಇಂಥ ಹೊಂದಾಣಿಕೆ ನಮ್ಮ ಅದೃಷ್ಟ ಎನ್ನದೆ ಬೇರೆ ಮಾತಿಲ್ಲ.

ಯುಎಚ್‌ಸಿ ಎಂಬ ಫಿಲ್ಟರ್ ಈ ಮೂರನ್ನೂ ಹಾಯಲು ಬಿಡುತ್ತದೆ. ಓ-3 ಎಂಬುದು ಆಮ್ಲಜನಕದ ಎರಡನ್ನು ಮಾತ್ರ. ಎಚ್-ಬೀಟಾ 486ನ್ನು ಮಾತ್ರ; ಕುದುರೆತಲೆಯಂಥ ಬೆರಳೆಣಿಕೆಯ ನೀಹಾರಿಕೆಗಳಿಗೆ ಅದು ಬೇಕಾಗುತ್ತದೆ, ಆರಿಂಚಿಗೆ ಅದು ದುರಾಸೆ. ಒಂದನ್ನೇ ಕೊಳ್ಳುವುದಾದರೆ ಯುಎಚ್‌ಸಿ ಕೊಳ್ಳಿ. ಮಹಾವ್ಯಾಧದ ನೀಹಾರಿಕೆಗೂ ಧನುರಾಶಿಯ ಲಗೂನ್‌ಗೂ ಅದು ಹೊಂದುತ್ತದೆ. ಸಿಗ್ನಸ್‌ನ ವೇಲ್ ನೀಹಾರಿಕೆಗೆ, ಗ್ರಹಸದೃಶ ನೀಹಾರಿಕೆಗಳಿಗೆ ಓ-3 ವಾಸಿ. ಕೊಳ್ಳುವಾಗ ಯಾವ ತರಂಗದೂರವನ್ನು ಎಷ್ಟು ಬಿಡುತ್ತದೆ ಎಂಬ ನಕ್ಷೆ ಕೇಳಿ ನೋಡಬೇಕು. ಹೆಸರನ್ನು ನಂಬಿದರೆ ನನ್ನ ಗತಿ. ವರ್ಧನೆ ಕಡಿಮೆ ಇರಲಿ. ಫಿಲ್ಟರ್ ಏನನ್ನೂ ಬೆಳಗಿಸುವುದಿಲ್ಲ, ಎಲ್ಲವನ್ನೂ ಮಂಕಾಗಿಸುತ್ತದೆ, ಆಕಾಶವನ್ನು ನೀಹಾರಿಕೆಗಿಂತ ಹೆಚ್ಚು ಮಂಕಾಗಿಸುತ್ತದೆ, ಅಷ್ಟೆ. ಆಂಡ್ರೊಮೀಡಕ್ಕೆ ಮಾತ್ರ ಹಾಕಬೇಡಿ. ಅದು ಗ್ಯಾಲಕ್ಸಿ, ಅದರದ್ದು ನಕ್ಷತ್ರಗಳ ಬೆಳಕು, ಪಟ್ಟಿ; ಫಿಲ್ಟರ್ ಅದನ್ನೇ ನುಂಗಿಬಿಡುತ್ತದೆ. ಕೃತ್ತಿಕೆಯ ಸುತ್ತಿನ ಮಂಜೂ ಹಾಗೆಯೇ, ನಕ್ಷತ್ರದ ಬೆಳಕನ್ನು ಪ್ರತಿಫಲಿಸುವ ದೂಳು ಅದು.

ಎರಡನೆಯ ಫಿಲ್ಟರನ್ನು, ಒಂದು ಯುಎಚ್‌ಸಿಯನ್ನು, ಹೋದ ಫೆಬ್ರುವರಿಯಲ್ಲಿ ಊರಿಗೆ ಒಯ್ದೆ. ಕಾಯಿ ಕಾಯಲು ಅವ್ವ ಕಣದಲ್ಲೇ ಮಲಗಿದ್ದಳು. ರಾತ್ರಿ ಒಂದರ ಸುಮಾರಿಗೆ, ದಕ್ಷಿಣ ದಿಗಂತದಿಂದ ಹದಿನೈದು ಡಿಗ್ರಿ ಮೇಲೆ, ಈಟಾ ಕರೈನಾ ನೀಹಾರಿಕೆ ನೆತ್ತಿಯ ಗೆರೆಗೆ ಬಂತು. ಕೆಳಗೆ ಪಕ್ಕದ ಊರಿನ ಎಲ್‌ಇಡಿಗಳ ಬಿಳಿ ಗುಮ್ಮಟ. ಬರಿಯ ಐಪೀಸಿನಲ್ಲಿ ನಕ್ಷತ್ರಗಳಷ್ಟೇ ಇದ್ದವು. ಅವ್ವನನ್ನು ಎಬ್ಬಿಸಿ ಕೂರಿಸಿ, ಫಿಲ್ಟರನ್ನು ತಿರುಪಿ ಕೂರಿಸದೆ, ಅವಳ ಕಣ್ಣಿಗೂ ಐಪೀಸಿಗೂ ನಡುವೆ ಬೆರಳಲ್ಲಿ ಹಿಡಿದೆ.

“ಚುಕ್ಕಿ ಎಲ್ಲಾ ಸಣ್ಣಾದ್ವಲ್ಲೋ ತಮ್ಮಾ,” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ತಡಿ, ಹೊಗಿ ಇದ್ದಂಗ ಏನೋ ಐತಿ. ನಡುಬರಕ ಕರಿ ಸೀಳ.”

ಫಿಲ್ಟರ್ ಸರಿಸಿದೆ.

“ಹೋತು.”

ಮತ್ತೆ ಹಿಡಿದೆ.

“ಬಂತು ನೋಡ. ಹಾಂಗ ಹಿಡಕೊಂಡಿರು, ಕೈ ಅಳ್ಳಾಡಸಬ್ಯಾಡ.”