ಎರಡನೇ ಹೊದಿಕೆ: ಅಲ್ ಮೀನಾದಲ್ಲಿ ಬಿಚ್ಚಿದ ಒಂದು ಹಳೇ ಸೀಟು

ಹೋದ ವರ್ಷ ಜೂನ್‌ನಲ್ಲಿ ಅಕ್ಕನ ಮನೆಗೆ ಊಟಕ್ಕೆ ಹೋದರೆ ಹಾಲ್‌ನಲ್ಲಿ ಕೂರೋಕೆ ಜಾಗವೇ ಇರಲಿಲ್ಲ. ಸೋಫಾ ಗೋಡೆಗೆ ಸರಿದಿತ್ತು. ನಡುವೆ ಹಳೇ ಬೆಡ್‌ಶೀಟ್ ಹಾಸಿ ಅದರ ಮೇಲೆ ಎರಡು ಕಾರ್ ಸೀಟುಗಳನ್ನ ಮಲಗಿಸಿದ್ದರು. ಭಾವ ಮಾಸ್ಕ್ ಹಾಕಿಕೊಂಡು, ಕೈಯಲ್ಲಿ ಇಕ್ಕಳ ಹಿಡಿದು, ಆಪರೇಷನ್ ಥಿಯೇಟರ್‌ನಿಂದ ಈಗ ತಾನೇ ಎದ್ದುಬಂದವರ ಹಾಗೆ ಕಾಣ್ತಿದ್ದರು. “ಚಪ್ಪಲಿ ಅಲ್ಲೇ ಬಿಡೋ, ಧೂಳು ತುಳೀಬೇಡ. ಅದೂ ಒರಿಜಿನಲ್ಲೇ” ಅಂದರು.

ದುಬೈನ ಅಲ್ ಮೀನಾದಲ್ಲಿ ಅವರದು ಐದನೇ ಮಹಡಿಯ ಫ್ಲ್ಯಾಟ್. ಅರೇಬಿಕ್‌ನಲ್ಲಿ ಮೀನಾ ಅಂದರೆ ಬಂದರು. ಕಿಟಕಿಯಿಂದ ರಶೀದ್ ಬಂದರಿನ ಒಂದು ತುದಿ ಕಾಣತ್ತೆ. ಕಾರು ಇರೋದು ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ: 1979ರ ಮರ್ಸಿಡಿಸ್ 280 ಎಸ್‌ಎಲ್, ಎರಡು ಸೀಟಿನ, ಮೇಲ್ಛಾವಣಿ ಬಿಚ್ಚಬಹುದಾದ ಕಾರು. ಇಂಜಿನ್ ಕೆಲಸವನ್ನ ಒಂದು ಗ್ಯಾರೇಜಿಗೆ ಕೊಟ್ಟಿದ್ದರು. ಒಳಗಿನ ಕೆಲಸ ಮಾತ್ರ ನಾನೇ ಮಾಡ್ತೀನಿ ಅಂತ ಹಟ. ಪಾರ್ಕಿಂಗ್‌ನಲ್ಲಿ ರಿಪೇರಿ ಮಾಡೋ ಹಾಗಿಲ್ಲ. ಆದರೆ ಸೀಟು ಬಿಚ್ಚಿದರೆ ಎಣ್ಣೆ ಸೋರಲ್ಲ, ಶಬ್ದ ಬರಲ್ಲ. ನೆಲಕ್ಕೆ ಕಚ್ಚಿರೋ ಬೋಲ್ಟುಗಳನ್ನ ತೆಗೆದು, ಲಿಫ್ಟ್‌ನಲ್ಲಿ ಹಾಕಿ ಮೇಲಕ್ಕೆ ತಂದರೆ ಆಯ್ತು. ವಾಚ್‌ಮನ್ ಕಂಡೂ ಕಾಣದ ಹಾಗೆ ಇದ್ದರಂತೆ.

ಈ ಮಾದರಿಯ ಬಗ್ಗೆ ಎರಡು ಮಾತು. ಕಂಪನಿಯೊಳಗೆ ಇದರ ಹೆಸರು ಆರ್107. 1971ರಲ್ಲಿ ಬಂದು 1989ರವರೆಗೆ, ಅಂದರೆ ಹದಿನೆಂಟು ವರ್ಷ, ಹೆಚ್ಚು ಬದಲಾಗದೆ ತಯಾರಾಯಿತು. ಒಟ್ಟು 2,37,287 ಕಾರುಗಳು. 1971 ಅಂದರೆ ಈ ದೇಶ ಹುಟ್ಟಿದ ವರ್ಷವೂ ಹೌದು. ಮರುವರ್ಷ, 1972ರಲ್ಲಿ, ರಶೀದ್ ಬಂದರು ಶುರುವಾಯ್ತು. ಮೊದಲು ನಾಲ್ಕು ಹಡಗುಕಟ್ಟೆ ಸಾಕು ಅಂತ ಯೋಜನೆ ಹಾಕಿದ್ದರು. ಕೆಲಸ ಮುಗಿಯೋ ಹೊತ್ತಿಗೆ ಅದು ಹದಿನಾರಾಗಿತ್ತು. ಎಣ್ಣೆಯ ದುಡ್ಡು ಹರಿದುಬಂದ ಆ ದಶಕದಲ್ಲಿ ಸಿಮೆಂಟು, ಏರ್ ಕಂಡೀಷನರ್, ಕಾರು ಎಲ್ಲ ಹಡಗಿನಲ್ಲೇ ಬಂದಿಳೀತಿತ್ತು. ಕಾರು ಓಡಿಸೋರು, ರಿಪೇರಿ ಮಾಡೋರು, ಸೀಟು ಹೊಲಿಯೋರೂ ಅದೇ ದಶಕದಲ್ಲಿ ಬಂದರು. ನಮ್ಮ ಕರಾವಳಿಯಿಂದ, ಕೇರಳದಿಂದ, ಪಾಕಿಸ್ತಾನದಿಂದ. ಕಾರುಗಳ ಲೆಕ್ಕವನ್ನ ಕಂಪನಿ ಕೊನೆಯ ಅಂಕಿವರೆಗೆ ಇಟ್ಟಿದೆ. ಹೊಲಿದವರ ಲೆಕ್ಕ ಯಾರ ಹತ್ತಿರವೂ ಇಲ್ಲ. ಆವತ್ತು ಹಾಲ್‌ನಲ್ಲಿ ನಡೆದ ಜಗಳಕ್ಕೆ ಮೂಲ ಇದೇ.

ಮೊದಲು ಸೀಟು ಹೇಗಿರತ್ತೆ ಅಂತ ಹೇಳಿಬಿಡ್ತೀನಿ. ಈಗಿನ ಕಾರಿನ ಸೀಟು ಅಂದರೆ ಅಚ್ಚಿನಲ್ಲಿ ಹೊಯ್ದ ಫೋಮಿನ ಗಟ್ಟಿ. ಇದು ಹಾಗಲ್ಲ, ಹೆಚ್ಚುಕಮ್ಮಿ ನಮ್ಮಜ್ಜಿ ಮನೆಯ ಹಳೇ ಸೋಫಾ ಥರ. ಕೆಳಗೆ ಕಬ್ಬಿಣದ ಚೌಕಟ್ಟು, ಅದರಲ್ಲಿ ಸ್ಪ್ರಿಂಗ್‌ಗಳು, ಸ್ಪ್ರಿಂಗ್ ಮೇಲೆ ಗೋಣಿತಾಟು, ಗೋಣಿತಾಟಿನ ಮೇಲೆ ನಾರಿನ ದಪ್ಪ ದಿಂಡು. ಎಲ್ಲಕ್ಕೂ ಮೇಲೆ ಕವರು. ಕವರಿನ ಅಂಚನ್ನ ಚೌಕಟ್ಟಿನ ಸಣ್ಣ ಸಣ್ಣ ಹಲ್ಲುಗಳಿಗೆ ಎಳೆದು ಕಚ್ಚಿಸಿರ್ತಾರೆ. ಆ ನಾರಿನ ದಿಂಡಿಗೆ ಇಂಗ್ಲಿಷಿನವರು ಕುದುರೆ ಕೂದಲು ಅಂತ ಹೆಸರಿಟ್ಟಿದ್ದಾರೆ. ನಿಜದಲ್ಲಿ ಅದರಲ್ಲಿ ಬಹಳಷ್ಟು ತೆಂಗಿನ ನಾರೇ. ನಾರಿಗೆ ರಬ್ಬರ್ ಹಾಲು ಸಿಂಪಡಿಸಿ, ಅಚ್ಚಿನಲ್ಲಿ ಒತ್ತಿ, ಶಾಖ ಕೊಟ್ಟು ಗಟ್ಟಿ ಮಾಡಿದ್ದು. ಫೋಕ್ಸ್‌ವ್ಯಾಗನ್ ಬೀಟಲ್ ಸೀಟಿನಲ್ಲೂ ಇಂಥದ್ದೇ ಇತ್ತು. ಗಾಳಿ ಆಡತ್ತೆ, ಬೆವರು ನಿಲ್ಲಲ್ಲ. ಆದರೆ ನಲವತ್ತು ವರ್ಷ ಆದಮೇಲೆ ರಬ್ಬರ್ ಸತ್ತು ನಾರು ಪುಡಿಪುಡಿಯಾಗಿ ಉದುರತ್ತೆ. ನಾನು ಬಾಗಿಲಲ್ಲಿ ತುಳಿಯಲಿದ್ದ “ಒರಿಜಿನಲ್” ಧೂಳು ಅದೇ.

ಭಾವನ ಊರು ತಿಪಟೂರಿನ ಕಡೆ. ಒಂದು ಹಿಡಿ ಪುಡಿ ತೆಗೆದು ಮೂಸಿ, “ಜರ್ಮನಿಯಿಂದ ಇಷ್ಟು ದುಡ್ಡು ಕೊಟ್ಟು ತರಿಸಿಕೊಂಡಿದ್ದು ತೆಂಗಿನ ನಾರಾ!” ಅಂತ ನಕ್ಕರು. ಅದು ನಮ್ಮೂರಿನ ನಾರೇ ಅಂತ ಹೇಳಕ್ಕಾಗಲ್ಲ. ಆದರೆ ಹೆಮ್ಮೆಯ ಯುರೋಪಿಯನ್ ಕಾರಿನ ಒಳಗೆ ಕೈಹಾಕಿದರೆ ಸಿಗೋದು ತೆಂಗು, ಸೆಣಬು, ರಬ್ಬರ್. ಮೂರೂ ನಮ್ಮ ಬಿಸಿ ಸೀಮೆಯ ಬೆಳೆಗಳು. ಚರ್ಮದ ಕಥೆಯೂ ಅಷ್ಟೇ. ನಮ್ಮ ಬಯಲುಸೀಮೆಯಲ್ಲಿ ಹಳದಿ ಹೂ ಬಿಡೋ ಆವರಿಕೆ ಗಿಡ ಇದೆಯಲ್ಲ, ತಂಗಡಿ ಅಂತಲೂ ಅಂತಾರೆ, ಅದರ ತೊಗಟೆಯಲ್ಲಿ ಹದ ಮಾಡಿದ ಚರ್ಮ ಮದ್ರಾಸಿನಿಂದ ಇಂಗ್ಲೆಂಡಿಗೆ “ಈಸ್ಟ್ ಇಂಡಿಯಾ” ಚರ್ಮ ಅನ್ನೋ ಹೆಸರಲ್ಲೇ ಹೋಗ್ತಿತ್ತು.

ಈ ಕಾರಿನ ಕವರು ಚರ್ಮದ್ದಲ್ಲ. ಫ್ಯಾಕ್ಟರಿಯಿಂದ ಬಂದಾಗ ಇದ್ದಿದ್ದು ಎಂಬಿ-ಟೆಕ್ಸ್, ಮರ್ಸಿಡಿಸ್‌ನವರ ವಿನೈಲ್. ನಮ್ಮ ಬಾಯಲ್ಲಿ ಹೇಳೋದಾದರೆ ರೆಕ್ಸಿನ್. ಇಲ್ಲಿ ಒಂದು ಪದದ ಕಥೆ ಹೇಳದೆ ಮುಂದೆ ಹೋಗಕ್ಕಾಗಲ್ಲ. ರೆಕ್ಸಿನ್ ಅನ್ನೋದು ಕನ್ನಡ ಪದವಲ್ಲ, ಇಂಗ್ಲಿಷಿನ ಸಾಮಾನ್ಯ ಪದವೂ ಅಲ್ಲ. ಮ್ಯಾಂಚೆಸ್ಟರ್ ಹತ್ತಿರ ಹೈಡ್ ಅನ್ನೋ ಊರಿನ ಒಂದು ಕಂಪನಿಯ ಟ್ರೇಡ್‌ಮಾರ್ಕ್. ಬಟ್ಟೆಗೆ ಸೆಲ್ಯುಲೋಸ್ ನೈಟ್ರೇಟ್, ಕರ್ಪೂರದ ಎಣ್ಣೆ, ಬಣ್ಣ ಬಳಿದು, ಚರ್ಮದ ಗೆರೆಗಳನ್ನ ಒತ್ತಿದ್ದು. ರೈಲ್ವೆ ಬೋಗಿಗೆ, ಪುಸ್ತಕದ ರಟ್ಟಿಗೆ, ಕಾರಿನ ಒಳಮೈಗೆ ಬಳಸ್ತಿದ್ದರು. ಈಗ ಆ ಕಂಪನಿ ಇಲ್ಲ. ಇಂಗ್ಲೆಂಡಿನಲ್ಲಿ ಹೊಸಬರಿಗೆ ಆ ಪದವೂ ಗೊತ್ತಿರಲ್ಲ. ಆದರೆ ದಾವಣಗೆರೆಯಲ್ಲಿ ಯಾವ ಕುಶನ್ ಅಂಗಡಿಗೆ ಬೇಕಾದರೂ ಹೋಗಿ “ರೆಕ್ಸಿನ್ ಕೊಡಿ” ಅನ್ನಿ, ಸುರುಳಿ ತೆಗೆದು ಹಾಸ್ತಾರೆ. ವಸ್ತು ಬದಲಾಗಿ ವಿನೈಲ್ ಆಗಿದೆ, ಹೆಸರು ಮಾತ್ರ ನಮ್ಮಲ್ಲಿ ಬದುಕಿದೆ.

ವಿನೈಲ್ ಅಂದರೆ ಪಿವಿಸಿ, ನೀರಿನ ಪೈಪಿನ ಪ್ಲಾಸ್ಟಿಕ್ಕೇ. 1926ರಲ್ಲಿ ಅಮೆರಿಕದ ಗುಡ್‌ರಿಚ್ ಕಂಪನಿಯಲ್ಲಿ ವಾಲ್ಡೋ ಸೀಮನ್ ಅನ್ನೋರು ಅದಕ್ಕೆ ಎಣ್ಣೆಯಂಥ ದ್ರವ ಬೆರೆಸಿ ಮೆತ್ತಗೆ ಮಾಡೋ ವಿಧಾನ ಕಂಡುಹಿಡಿದರು. ತೊಂದರೆ ಇರೋದೂ ಅದರಲ್ಲೇ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಆ ಮೆದುಕಾರಕ ನಿಧಾನಕ್ಕೆ ಆವಿಯಾಗ್ತಾ ಹೋಗತ್ತೆ. ಗಾಜಿನ ಒಳಗಡೆ ಜಿಡ್ಡಿನ ಮಂಜು ಕಟ್ಟತ್ತಲ್ಲ, ಅದೇ ಇದು. ಅದು ಹೋದ ಮೇಲೆ ಉಳಿಯೋದು ಪೈಪಿನ ಹಾಗೆ ಬಿರುಸಾದ ಪ್ಲಾಸ್ಟಿಕ್. ಕೂತರೆ ಬಿರುಕು ಬಿಡತ್ತೆ. ಗಲ್ಫ್‌ನಲ್ಲಿ ಹಳೇ ಕಾರಿನ ತಗಡಿಗಿಂತ ಮೊದಲು ಒಳಮೈ ಸಾಯೋದು ಅದಕ್ಕೇ. ಮಳೆ ಬಹಳ ಕಡಿಮೆ ಇರೋದರಿಂದ ತಗಡು ಅಷ್ಟು ಬೇಗ ತುಕ್ಕು ಹಿಡಿಯಲ್ಲ. ಲಂಡನ್‌ನಲ್ಲಿ ಇದು ತಿರುಗಾ-ಮುರುಗಾ.

ಹಾಗಾಗಿ ಕವರ್ ಬದಲಾಯಿಸೋದು ಇಲ್ಲಿ ಶೋಕಿಯಲ್ಲ, ಅಗತ್ಯ. ಅಲ್ ಮೀನಾದ ಪಕ್ಕದಲ್ಲೇ ಇರೋ ಸತ್ವಾದಲ್ಲಿ ಕಾರಿನ ಸೀಟು ಹೊಲಿಯೋ ಅಂಗಡಿಗಳು ಸಾಲುಸಾಲಾಗಿ ಹುಟ್ಟಿಕೊಂಡವು. ದುಬೈನಲ್ಲಿ ಬಹಳ ಕಾಲ ಸೀಟು ಕೆಲಸ ಅಂದರೆ ಸತ್ವಾ. ಬೆಂಗಳೂರಿನಲ್ಲಿ ಜೆ.ಸಿ. ರಸ್ತೆ ಇದ್ದ ಹಾಗೆ.

ಈಗ ಜಗಳಕ್ಕೆ ಬರೋಣ. ಭಾವ ಜರ್ಮನಿಯಿಂದ ಹೊಸ ಕವರುಗಳನ್ನ ತರಿಸಿದ್ದರು, ಫ್ಯಾಕ್ಟರಿ ಮಾದರಿಯವು. ಹಳೇದನ್ನ ಬಿಚ್ಚಿದಾಗ ಮೇಲಿದ್ದ ಬಗೆಯ-ಬಣ್ಣದ ಕವರಿನ ಕೆಳಗೆ ಇನ್ನೊಂದು ಕವರು ಸಿಕ್ಕಿತು, ನಸುಗಂದು ಬಣ್ಣದ್ದು. ಒರಿಜಿನಲ್ ಅದರ ಕೆಳಗೆ ಚೂರುಚೂರಾಗಿ ಅಂಟಿಕೊಂಡಿತ್ತು. ಮೇಲಿನದು ಕಳಪೆ ಮಾಲು, ಬಿಟ್ಟುಬಿಡಿ. ಎರಡನೇದು ಹಾಗಲ್ಲ. ಎಂಬಿ-ಟೆಕ್ಸ್‌ನ ಉದ್ದುದ್ದ ನೆರಿಗೆಗಳಿಗೆ ದಾರ ಇರಲ್ಲ. ಫ್ಯಾಕ್ಟರಿಯಲ್ಲಿ ಶಾಖದಿಂದ ಒತ್ತಿ ಅಂಟಿಸಿರ್ತಾರೆ. ಈ ಎರಡನೇ ಕವರಿನಲ್ಲಿ ಯಾರೋ ಟೈಲರು ಅದೇ ನೆರಿಗೆಗಳನ್ನ, ಅದೇ ಅಗಲಕ್ಕೆ, ಹೊಲಿಗೆ ಹಾಕಿ ಮಾಡಿದ್ದರು. ಒಂದೂ ಓರೆಯಾಗಿರಲಿಲ್ಲ. ಒಳಮಗ್ಗುಲು ತಿರುಗಿಸಿದರೆ ಬಾಲ್‌ಪೆನ್ನಿನಲ್ಲಿ ಬರೆದ ಅಳತೆ: 21½. ಮಿಲಿಮೀಟರ್‌ನಲ್ಲಿ ಹುಟ್ಟಿದ ಕಾರಿಗೆ ಇಂಚುಪಟ್ಟಿ ಹಿಡಿದು ಅಳೆದವರು ಯಾರು? ನಮ್ಮ ಕಡೆಯ ದರ್ಜಿಯೇ ಇರಬೇಕು. ಭಾರತದವರೋ ಪಾಕಿಸ್ತಾನದವರೋ, ಸತ್ವಾದಲ್ಲೋ ಶಾರ್ಜಾದಲ್ಲೋ, ಗೊತ್ತಾಗೋ ದಾರಿಯಿಲ್ಲ.

ನಾನು ಅಂದೆ, “ಭಾವ, ಇದನ್ನ ಬಿಸಾಕಬೇಡಿ. ಈ ಕಾರು ಜರ್ಮನಿಯಲ್ಲಿ ಇದ್ದಿದ್ದು ಕೆಲವು ವಾರ. ಇಲ್ಲಿ ಇದ್ದಿದ್ದು ನಲವತ್ತು ವರ್ಷ. ಇದರ ಚರಿತ್ರೆ ಇರೋದು ಈ ಕವರಲ್ಲಿ.”

“ಹಂಗಂದ್ರೆ ಹೇಗೋ? ದೇವಸ್ಥಾನದ ಶಾಸನದ ಮೇಲೆ ಸುಣ್ಣ ಬಳಿದಿರ್ತಾರೆ. ಸುಣ್ಣಕ್ಕೂ ನೂರು ವರ್ಷ ಆಗಿದೆ ಅಂತ ಕೆರೆಯದೇ ಬಿಡ್ತಾರಾ?”

ಒಳ್ಳೇ ಪ್ರಶ್ನೆ. ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಓದಿದೆ. 1964ರಲ್ಲಿ ಹಳೇ ಕಟ್ಟಡಗಳ ರಕ್ಷಣೆಗೆ ಅಂತ ವೆನಿಸ್‌ನಲ್ಲಿ ಒಂದು ಸನದು ಆಯ್ತು. ಒಂದು ಕಟ್ಟಡಕ್ಕೆ ಬೇರೆ ಬೇರೆ ಕಾಲದವರು ಸೇರಿಸಿದ ಮೌಲ್ಯದ ಕೆಲಸವನ್ನೆಲ್ಲ ಗೌರವಿಸಬೇಕು, ಎಲ್ಲವನ್ನೂ ಒಂದೇ ಶೈಲಿಗೆ ತರೋದು ಗುರಿಯಲ್ಲ ಅನ್ನತ್ತೆ ಅದು. ಕೆಳಗಿರೋದು ಬಹಳ ಮುಖ್ಯವಾಗಿದ್ದು, ಮೇಲಿರೋದಕ್ಕೆ ಹೆಚ್ಚು ಬೆಲೆ ಇಲ್ಲದಿದ್ದರೆ ಮಾತ್ರ ತೆಗೀಬಹುದಂತೆ. ಹಾಗಾದರೆ ಶಾಸನದ ಸುಣ್ಣದ ವಿಷಯದಲ್ಲಿ ಭಾವ ಹೇಳಿದ್ದೇ ಸರಿ. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ಇದೇ ದಾರಿಯಲ್ಲಿ 2012ರಲ್ಲಿ ಟ್ಯೂರಿನ್ ಸನದು ಅಂತ ಒಪ್ಪಿಕೊಂಡಿತು. ಭಾರತದ ಕಾನೂನು ಇಷ್ಟು ತಲೆ ಕೆಡಿಸಿಕೊಂಡಿಲ್ಲ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲಿರೋ ವಾಹನ ವಿಂಟೇಜ್. ನೋಂದಣಿಗೆ 20,000 ರೂಪಾಯಿ, ನಂಬರಿನಲ್ಲಿ ‘ವಿಎ’ ಅನ್ನೋ ಅಕ್ಷರ. ಮೂಲ ರೂಪ ಅಂದರೆ ಏನು ಅಂತ ಹೇಳುವಾಗ ಅದು ಹೆಸರಿಸೋದು ಛಾಸಿ, ಬಾಡಿ, ಇಂಜಿನ್. ಸೀಟಿನ ಮಾತೇ ಇಲ್ಲ.

ಕಿಟಕಿ ಆಚೆ ಒಂದು ಉದಾಹರಣೆ ನಿಂತಿತ್ತು, ನೀರಿನ ಮೇಲೆ. ಕ್ವೀನ್ ಎಲಿಜಬೆತ್ 2 ಹಡಗು. 1967ರಲ್ಲಿ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿ ನೀರಿಗಿಳಿದದ್ದು, 2008ರ ನವೆಂಬರ್‌ನಲ್ಲಿ ರಶೀದ್ ಬಂದರಿಗೆ ಬಂದು ನಿಂತಿತು, 2018ರಲ್ಲಿ ಹೋಟೆಲ್ ಆಯ್ತು. 1986–87ರಲ್ಲಿ ಜರ್ಮನಿಯ ಬ್ರೆಮರ್‌ಹಾವನ್‌ನಲ್ಲಿ ಅದರ ಉಗಿ ಇಂಜಿನ್ನನ್ನೇ ಕಿತ್ತು ಡೀಸೆಲ್ ಹಾಕಿದರು. ಒಳಗಿನ ಕೋಣೆಗಳನ್ನ ಎಷ್ಟೋ ಸಲ ಬದಲಾಯಿಸಿದರು. ಆದರೂ ಅದು ಅದೇ ಹಡಗು. ಯಾವ ಬದಲಾವಣೆ ಯಾವ ವರ್ಷ, ಎಲ್ಲಿ ಆಯ್ತು ಅಂತ ದಾಖಲೆ ಇದೆ, ಅಷ್ಟೇ ವ್ಯತ್ಯಾಸ.

ದಾಖಲೆ ಇಲ್ಲದಿದ್ದರೆ ಏನಾಗತ್ತೆ ಅನ್ನೋದು ಭಾವನಿಗೆ ನನಗಿಂತ ಚೆನ್ನಾಗಿ ಗೊತ್ತು. ಅವರಿಗೆ ಕಾರಿನ ಹುಚ್ಚು ಹಿಡಿಸಿದ್ದು ಮರ್ಸಿಡಿಸ್ ಅಲ್ಲ, ಬೆಂಗಳೂರಿನಲ್ಲೇ ತಯಾರಾದ ಡಾಲ್ಫಿನ್. ಇಲ್ಲಿ ಹುಟ್ಟಿ ಬೆಳೆದ ಮಕ್ಕಳು ಈ ಹೆಸರು ಕೇಳಿರೋದು ಕಷ್ಟ. ಮೊದಲು ಮೂರು ಚಕ್ರದ ಬಾದಲ್ ಮಾಡಿದ್ದ ಸನ್‌ರೈಸ್ ಕಂಪನಿ, ಮುಂದೆ ಸಿಪಾನಿ ಅಂತ ಹೆಸರಾಯ್ತು, 1982ರಲ್ಲಿ ಡಾಲ್ಫಿನ್ ತಂದಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ವಿನ್ಯಾಸ. ಫೈಬರ್ ಗ್ಲಾಸ್ ಬಾಡಿ, 848 ಸಿಸಿಯ ಅಲ್ಯೂಮಿನಿಯಂ ಇಂಜಿನ್, ಹಿಂದಿನ ಚಕ್ರಕ್ಕೆ ಓಟ. ಸ್ಪೋರ್ಟ್ಸ್ ಕಾರು ಅನ್ನೋಕಾಗಲ್ಲ, ಆದರೆ ಹಗುರ ಇತ್ತು ಅಂತ ರೇಸು, ರ‍್ಯಾಲಿಯವರು ಮುಗಿಬಿದ್ದು ಓಡಿಸಿದರು. ಮನೆಮಂದಿಗೆ ಮಾತ್ರ “ಪ್ಲಾಸ್ಟಿಕ್ ಕಾರು” ಅಂತ ನಂಬಿಕೆ ಬರಲಿಲ್ಲ. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು, ಕಥೆ ಮುಗೀತು. ಈಗ ಯಾರಾದರೂ ಡಾಲ್ಫಿನ್ ಸರಿಮಾಡಲು ಹೊರಟರೆ ಜರ್ಮನಿಯಿಂದ ಕವರ್ ಬರಲ್ಲ. ಹರಿದ ಹಳೇ ಕವರೇ ಪ್ಯಾಟರ್ನು. ಅದನ್ನ ಗುಜರಿಗೆ ಹಾಕಿಬಿಟ್ಟಿದ್ದರೆ ಆ ಸೀಟು ಹೇಗಿತ್ತು ಅಂತ ಹೇಳೋರೇ ಇಲ್ಲ.

ಇದನ್ನ ನಾನು ವಾದಕ್ಕೆ ಎತ್ತಿದಾಗ ಭಾವ ಸುಮ್ಮನಾದರು. ಒಪ್ಪಿದರು ಅಂತಲ್ಲ. ಅವರಿಗೆ ಆ ಕಾರಲ್ಲಿ ಕೂರಬೇಕು, ಓಡಿಸಬೇಕು; ಎರಡನೇ ಕವರು ಎಷ್ಟೇ ಚೆಂದ ಇದ್ದರೂ ಬಿರುಕು ಬಿಟ್ಟಿತ್ತು.

ಹೊಸ ಕವರು ಹಾಕೋದು ನೋಡಿದಷ್ಟು ಸುಲಭ ಅಲ್ಲ. ವಿನೈಲ್ ತಣ್ಣಗಿದ್ದರೆ ಎಳೆದರೂ ಬರಲ್ಲ. ಯೂಟ್ಯೂಬಿನ ಜರ್ಮನ್ನರು ಹೇರ್ ಡ್ರೈಯರ್ ಹಿಡೀತಾರೆ. ನಾವು ಜೂನ್ ತಿಂಗಳ ದುಬೈನ ಟೆರೇಸ್ ಮೇಲೆ ಹತ್ತು ನಿಮಿಷ ಇಟ್ಟು ಬಂದೆವು, ದೋಸೆ ಹಿಟ್ಟಿನಷ್ಟು ಮೆತ್ತಗಾಯ್ತು. ನಾನು ಮೊಣಕಾಲಿನಿಂದ ಸೀಟನ್ನ ಒತ್ತಿ ಹಿಡಿಯೋದು, ಭಾವ ಅಂಚನ್ನ ಹಲ್ಲಿಗೆ ಕಚ್ಚಿಸೋದು. ಮೊದಲ ಸಲ ಎಡಗಡೆ ಸುಕ್ಕು. ಬಿಚ್ಚಿದೆವು. ಎರಡನೇ ಸಲ ನೆರಿಗೆ ಸೊಟ್ಟ. ಮೂರನೇ ಸಲ ಕೂತಿತು. ಗೋಣಿತಾಟನ್ನ ಸ್ಪ್ರಿಂಗಿಗೆ ಹೊಲಿಯೋಕೆ ದೊಡ್ಡ ಸೂಜಿ ಬೇಕಿತ್ತು. “ದಬ್ಬಣ ಕೊಡಮ್ಮ” ಅಂತ ಭಾವ ಕೈಚಾಚಿದರೆ ಅಕ್ಕನ ಮಗಳು ಕಣ್ಣುಬಿಟ್ಟು ನೋಡ್ತಿದ್ದಳು. ಗೋಣಿಚೀಲದ ಬಾಯಿ ಹೊಲಿಯೋ ದಪ್ಪ ಸೂಜಿ ಅಂತ ಹೇಳಿದೆ. ನಮ್ಮಲ್ಲಿ ಹತ್ತಿ ಹಾಸಿಗೆ ಹೊಲಿಯೋ ಪಿಂಜಾರರ ಕೈಯಲ್ಲೂ ಅಂಥ ಉದ್ದನೆಯ ಸೂಜಿ ಇರ್ತಿತ್ತು ಅಂದೆ. “ಸೀಟು ಮಾಡೋದಕ್ಕೂ ಹಾಸಿಗೆ ಮಾಡೋದಕ್ಕೂ ಒಂದೇ ಟೂಲಾ, ಮಾಮ?” ಅಂದಳು. ಹೌದಲ್ಲ. ಸಾರೋಟಿಗೆ ಮೆತ್ತೆ ಹೊಲೀತಿದ್ದ ಕಸುಬೇ ಕಾರಿಗೆ ಬಂದಿದ್ದು.

ನಸುಗಂದು ಕವರಿನ ಎರಡೂ ಜೊತೆಯನ್ನ ತೊಳೆದು, ಫೋಟೋ ತೆಗೆದು, ಮಡಚದೆ ಸುತ್ತಿ ಒಂದು ರಟ್ಟಿನ ಡಬ್ಬದಲ್ಲಿಟ್ಟಿದ್ದಾರೆ. ಡಬ್ಬದ ಮೇಲೆ ಬರೆದದ್ದು ಅಕ್ಕನ ಮಗಳು, ಕನ್ನಡದಲ್ಲೇ: “ಸೀಟ್ ಕವರ್ 2, ಟೈಲರ್ ಹೆಸರು ಗೊತ್ತಿಲ್ಲ.”

ಬಾಗಿಲ ಒಳಹಲಗೆಗಳಿಗೂ ಹೊಸ ಕವರು ಬಂದಿತ್ತು. ಅವುಗಳ ಮೇಲಿದ್ದುದೂ ಅದೇ ಟೈಲರ ಕೆಲಸ, ಇನ್ನೂ ಗಟ್ಟಿಯಾಗಿತ್ತು. ಭಾವ ಒಂದು ಶುಕ್ರವಾರ ಇಡೀ ಅದರ ಮುಂದೆ ಕೂತು, ಸಂಜೆ ಹೊಸದನ್ನ ಪ್ಯಾಕೆಟ್ ಒಡೆಯದೆ ಮಂಚದ ಕೆಳಗೆ ತಳ್ಳಿದರು. ಈಗ ಸೀಟಿಗೂ ಬಾಗಿಲಿಗೂ ಬಣ್ಣದಲ್ಲಿ ಒಂದು ಶೇಡ್ ವ್ಯತ್ಯಾಸ ಇದೆ. ಹಳೇ ಕಾರಿನ ಸ್ನೇಹಿತರು ಯಾರಾದರೂ ಬಂದು ಅದನ್ನ ತೋರಿಸಿದರೆ, ಅವರು ಬಾಗಿಲು ತೆಗೆದು ಹೊಲಿಗೆ ಮೇಲೆ ಬೆರಳಾಡಿಸಿ, “ಇದು ಇಲ್ಲೇ ಮಾಡಿದ್ದು” ಅಂತಾರೆ.