ಮೇದೋಜೀರಕದೊಳಗಿನ ದ್ವೀಪಗಳು

ಉರ್ದುವಿನಲ್ಲಿ ಲಬ್‌ಲಬಾ, ಕನ್ನಡದಲ್ಲಿ ಮೇದೋಜೀರಕ ಗ್ರಂಥಿ. ಜಠರದ ಹಿಂದೆ ಅಡಗಿ ಕುಳಿತ ಈ ಅಂಗಕ್ಕೆ ಕ್ಯಾನ್ಸರ್ ಎಂದು ಕೇಳಿದೊಡನೆ ಮನೆಮಂದಿ ಎಲ್ಲ ಮುಗಿಯಿತೆಂದು ಕೈಚೆಲ್ಲುತ್ತಾರೆ. ಮಂಗಳೂರಿನಂಥ ಆಸ್ಪತ್ರೆಗಳ ಊರಿನಲ್ಲೂ ಅಷ್ಟೆ. ಯಾವ ಜೀವಕೋಶದಿಂದ ಹುಟ್ಟಿದ ಕ್ಯಾನ್ಸರ್ ಎಂದು ವೈದ್ಯರಲ್ಲಿ ಕೇಳುವವರು ಕಡಿಮೆ. ಆ ಪ್ರಶ್ನೆಯ ಹಿಂದೆ ನೂರೈವತ್ತು ವರ್ಷಗಳ ಚರಿತ್ರೆಯಿದೆ.

1869ರಲ್ಲಿ, ನಾವೀಗ ವೆನ್ಲಾಕ್ ಎನ್ನುವ ಮಂಗಳೂರಿನ ಆಸ್ಪತ್ರೆ ಆರಂಭವಾಗಿ 21 ವರ್ಷಗಳಾಗಿದ್ದವು. ಅಷ್ಟೇ ಪ್ರಾಯದ ವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹ್ಯಾನ್ಸ್ ಆಗ ಬರ್ಲಿನ್‌ನಲ್ಲಿ ಮೊಲದ ಮೇದೋಜೀರಕವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡುತ್ತಿದ್ದ. ಜೀರ್ಣರಸ ಸ್ರವಿಸುವ ಕೋಶಗಳ ನಡುವೆ ಬೇರೆಯೇ ಬಗೆಯ ಕೋಶಗಳ ಗುಂಪುಗಳು ಕಂಡವು. ಅವುಗಳ ಕೆಲಸವೇನೆಂದು ತನಗೆ ತಿಳಿಯದೆಂದು ಪ್ರಬಂಧದಲ್ಲೇ ಬರೆದ. (ಇಂಥ ಪ್ರಾಮಾಣಿಕತೆ ಪ್ರಬಂಧಗಳಲ್ಲಿ ಅಪರೂಪ.) 1893ರಲ್ಲಿ ಫ್ರಾನ್ಸಿನ ಲಾಗೆಸ್ ಅವಕ್ಕೆ ಲ್ಯಾಂಗರ್‌ಹ್ಯಾನ್ಸ್ ದ್ವೀಪಗಳೆಂದು ಹೆಸರಿಟ್ಟ. ಅಷ್ಟರಲ್ಲಿ ಲ್ಯಾಂಗರ್‌ಹ್ಯಾನ್ಸ್ ತೀರಿಕೊಂಡು ಐದು ವರ್ಷಗಳಾಗಿದ್ದವು; ಅವನು ಕೊನೆಯುಸಿರೆಳೆದದ್ದೂ ಮಡೀರಾ ಎಂಬ ದ್ವೀಪದಲ್ಲೇ. ದ್ವೀಪ ಎಂಬರ್ಥದ ಲ್ಯಾಟಿನ್ ಪದವೇ ಮುಂದೆ ಇನ್ಸುಲಿನ್ ಎಂಬ ಹೆಸರಿಗೂ ಮೂಲವಾಯಿತು.

1922ರಲ್ಲಿ ಟೊರಾಂಟೊದಲ್ಲಿ ಸಕ್ಕರೆ ಕಾಯಿಲೆಯ ಹುಡುಗನೊಬ್ಬನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಲಾಯಿತು. ಇನ್ಸುಲಿನ್ ಹೆಚ್ಚಾದರೆ ನಡುಕ, ಬೆವರು, ವಿಪರೀತ ಹಸಿವು, ಬುದ್ಧಿಭ್ರಮೆ ಬರುವುದನ್ನು ವೈದ್ಯರು ಕಂಡರು. ಇನ್ಸುಲಿನ್ ಪಡೆಯದವರಲ್ಲೂ ಅದೇ ಲಕ್ಷಣ ಕಂಡರೆ? ಉತ್ತರ ಸಿಕ್ಕಿದ್ದು 1927ರಲ್ಲಿ, ಅಮೆರಿಕದ ಮೇಯೊ ಕ್ಲಿನಿಕ್ ಪ್ರಕಟಿಸಿದ ವರದಿಯಲ್ಲಿ. ರೋಗಿ ಸ್ವತಃ ವೈದ್ಯ. ಹೊಟ್ಟೆ ತೆರೆದಾಗ ದ್ವೀಪಕೋಶಗಳ ಕ್ಯಾನ್ಸರ್ ಯಕೃತ್ತಿಗೂ ಹಬ್ಬಿತ್ತು. ಆತ ತೀರಿಕೊಂಡ ಮೇಲೆ ಯಕೃತ್ತಿನ ಗಡ್ಡೆಯ ಸಾರವನ್ನು ಮೊಲಗಳಿಗೆ ಚುಚ್ಚಿದರು. ಅವುಗಳ ರಕ್ತದ ಸಕ್ಕರೆ ಇಳಿಯಿತು. ಕ್ಯಾನ್ಸರ್ ಕೋಶಗಳು ಯಕೃತ್ತಿನಲ್ಲಿ ಕುಳಿತೂ ತಮ್ಮ ಹಳೆಯ ಕಸುಬನ್ನು ಬಿಟ್ಟಿರಲಿಲ್ಲ! 1929ರಲ್ಲಿ ಟೊರಾಂಟೊದ ರಾಸ್ಕೊ ಗ್ರಹಾಂ ಮಹಿಳೆಯೊಬ್ಬಳ ದೇಹದಿಂದ ಇಂಥ ಗಡ್ಡೆ ತೆಗೆದರು. ಆಕೆ ಗುಣವಾದಳು.

ಆದರೂ ಇಂಥ ರೋಗಿಗಳಲ್ಲಿ ಅನೇಕರು ಮೂರ್ಛೆರೋಗಿಗಳು, ಕುಡುಕರು, ಹುಚ್ಚರು ಎನಿಸಿಕೊಂಡಿದ್ದಾರೆ. ಬೆಳಗಿನ ಖಾಲಿ ಹೊಟ್ಟೆಯಲ್ಲಿ ತೊದಲಿ, ಸಕ್ಕರೆ ನೀರು ಕುಡಿದೊಡನೆ ಸರಿಯಾಗುವವನಿಗೆ ತಾಯತ ಕಟ್ಟುವ ಮೊದಲು ರಕ್ತದ ಸಕ್ಕರೆ ನೋಡಬೇಕಲ್ಲವೇ?

ಇನ್ಸುಲಿನ್ ಸುರಿಸುವ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರೇ ಅಲ್ಲ. ಹಾರ್ಮೋನಿನ ಸುಳಿವನ್ನೇ ಕೊಡದೆ ಮೌನವಾಗಿ ಬೆಳೆಯುವ ದ್ವೀಪಕೋಶಗಳ ಗಡ್ಡೆಗಳೂ ಇವೆ. ಮೇದೋಜೀರಕದ ಬಹುಪಾಲು ಕ್ಯಾನ್ಸರ್ ಹುಟ್ಟುವುದು ಜೀರ್ಣರಸದ ನಾಳಗಳಲ್ಲಿ. ಅದು ಬೇಗ ಕೊಲ್ಲುತ್ತದೆ. ದ್ವೀಪಕೋಶಗಳದ್ದು ನೂರಕ್ಕೆ ಹತ್ತಕ್ಕಿಂತ ಕಡಿಮೆ, ಸಾಮಾನ್ಯವಾಗಿ ನಿಧಾನದ್ದು. ಸ್ಟೀವ್ ಜಾಬ್ಸ್‌ಗೆ 2003ರಲ್ಲಿ ಪತ್ತೆಯಾದದ್ದು ಇದೇ. ಅವರು 2011ರವರೆಗೆ ಬದುಕಿದರು. ಈಗ ಇವುಗಳ ಹೆಸರು ನ್ಯೂರೋಎಂಡೋಕ್ರೈನ್ ಗಡ್ಡೆ. ದೇಹದ ಬೇರೆಡೆಯೂ ಇವು ಬರುತ್ತವೆ. 2018ರಲ್ಲಿ ನಟ ಇರ್ಫಾನ್ ಖಾನ್ ತಮಗೆ ಈ ಜಾತಿಯ ಗಡ್ಡೆ ಎಂದು ತಿಳಿಸಿದಾಗ, 'ನ್ಯೂರೋ' ಎಂದರೆ ಯಾವಾಗಲೂ ಮಿದುಳಿನದ್ದೇ ಅಲ್ಲ ಎಂದು ಅವರೇ ಜನರಿಗೆ ಬಿಡಿಸಿ ಹೇಳಬೇಕಾಯಿತು.