ಬೇಯಿಸಿದ ಕಡಲೆಕಾಯಿ: ಉಪ್ಪು, ಖಾರ, ಹುಳಿ

ಮಡಕಶಿರಾ, ರಾಯದುರ್ಗಗಳ ಕಡೆ ಕಡಲೆಕಾಯಿ, ಅಕ್ಕಲಕೋಟೆ, ಜತ್ತಗಳಲ್ಲಿ ಶೇಂಗಾ, ಕಾಸರಗೋಡಿನಲ್ಲಿ ನೆಲಗಡಲೆ. ಮನೆಯಲ್ಲಿ ಕಲಿತ ಈ ಹೆಸರನ್ನು ತರಗತಿಯಲ್ಲಿ ತಪ್ಪೆಂದು ತಿದ್ದುವುದು ನಮಗೆ ಒಪ್ಪಿಗೆಯಿಲ್ಲ, ಮೂರೂ ಕನ್ನಡವೇ. ತೆಲುಗಿನ ವೇರುಶನಗ, ತಮಿಳಿನ ವೇರ್ಕಡಲೈ ಎಂಬುವಕ್ಕೆ ಬೇರಿನ ಕಡಲೆ ಎಂದರ್ಥ. ವಾಸ್ತವದಲ್ಲಿ ಕಾಯಿ ಬಿಡುವುದು ಬೇರಿನಲ್ಲಲ್ಲ: ಹೂವು ಫಲಿತವಾದ ಮೇಲೆ ಅದರ ಬುಡದಿಂದ ಸೂಜಿಯಂಥ ಎಳೆಯೊಂದು ಮಣ್ಣಿಗಿಳಿದು, ಅಲ್ಲಿ ಕಾಯಿಗಟ್ಟುತ್ತದೆ.

ಬೇಯಿಸಲು ಆಗತಾನೆ ಕಿತ್ತ ಹಸಿ ಕಾಯಿಯೇ ಶ್ರೇಷ್ಠ. ಮುಂಗಾರಿನ ಬೆಳೆ ಕೀಳುವ ದಿನಗಳಲ್ಲಿ ಅದು ಸಂತೆಗೆ ಬರುತ್ತದೆ. ಮಣ್ಣು ಪೂರ್ತಿ ಹೋಗುವವರೆಗೆ ಮೂರು ನಾಲ್ಕು ನೀರಿನಲ್ಲಿ ಉಜ್ಜಿ ತೊಳೆಯಬೇಕು. ಒಡೆದ, ಕಪ್ಪಾದ, ಬೂಷ್ಟು ಹಿಡಿದ ಕಾಯಿಗಳನ್ನು ನಿರ್ದಾಕ್ಷಿಣ್ಯವಾಗಿ ಎಸೆಯಬೇಕು. ಕಡಲೆಕಾಯಿಯ ಮೇಲೆ ಬೆಳೆಯುವ ಕೆಲವು ಶಿಲೀಂಧ್ರಗಳು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ. ಅದು ಯಕೃತ್ತಿಗೆ ಹಾನಿಕರ, ಕುದಿಸಿದ ಮಾತ್ರಕ್ಕೆ ನಾಶವಾಗುವುದೂ ಇಲ್ಲ. ಅಗ್ಗವೆಂದು ಮುಗ್ಗಿದ ಕಾಯಿ ತಂದು, ಬೇಯಿಸಿದರೆ ಸರಿಹೋಗುತ್ತದೆ ಎಂದು ಮಕ್ಕಳಿಗೆ ಕೊಡುವ ರೂಢಿಯನ್ನು ಬಿಡಲೇಬೇಕು.

ಒಂದು ಕಿಲೋ ಹಸಿ ಕಾಯಿಗೆ ಎರಡು ಲೀಟರ್ ನೀರು, ಸುಮಾರು 60 ಗ್ರಾಂ ಕಲ್ಲುಪ್ಪು ಸಾಕು. ಕಾಯಿ ಮೊದಲು ತೇಲುತ್ತದೆ. ಮೇಲೊಂದು ತಟ್ಟೆ ಕವುಚಿದರೆ ಮುಳುಗಿಯೇ ಬೇಯುತ್ತದೆ. ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ; ಕುಕ್ಕರಿನಲ್ಲಾದರೆ ಅರ್ಧಕ್ಕಿಂತ ಹೆಚ್ಚು ತುಂಬದೆ ನಾಲ್ಕೈದು ಕೂಗು. ಒಣ ಕಾಯಿಯನ್ನು ರಾತ್ರಿಯಿಡೀ ನೆನೆಸಬೇಕು, ಬೇಯಲು ಇಮ್ಮಡಿ ಸಮಯ ಬೇಕು. ಕಾಯಿಯೊಂದನ್ನು ಬಿಡಿಸಿ ನೋಡಿದಾಗ ಬೀಜ ಬೆರಳಿಗೆ ಹಿಸುಕಿದರೆ ಬೆಂದಂತೆ.

ಇನ್ನು ರುಚಿಯ ಮಾತು. ಸಿಪ್ಪೆ ದಾಟಿ ಒಳಹೋಗುವುದು ನೀರು ಮತ್ತು ಅದರಲ್ಲಿ ಕರಗಿದ ಸಾರ ಮಾತ್ರ. ಆದ್ದರಿಂದ ಇಡೀ ಕಾಯಿಯ ಮೇಲೆ ಒಗ್ಗರಣೆ ಹುಯ್ಯುವುದು ಎಣ್ಣೆ ದಂಡ. ಜಜ್ಜಿದ ಬೆಳ್ಳುಳ್ಳಿ, ಮುರಿದ ಒಣಮೆಣಸಿನಕಾಯಿ, ಅರಿಸಿನ, ಕರಿಬೇವು ಇವುಗಳನ್ನು ಉಪ್ಪಿನೊಡನೆಯೇ ನೀರಿಗೆ ಹಾಕಬೇಕು. ಚೀನಾದಲ್ಲಿ ಚಕ್ರಮೊಗ್ಗು ಹಾಕುವ ಪದ್ಧತಿಯುಂಟು, ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಖಾರದ ಮಸಾಲೆ ನೀರಿನಲ್ಲಿ ಬೇಯಿಸುತ್ತಾರೆ. ಹುಣಸೆರಸ, ಬೆಲ್ಲಗಳನ್ನು ಮಾತ್ರ ಮೊದಲೇ ಹಾಕಬಾರದು. ಹುಳಿ ತಾಗಿದ ಬೀಜ ಬೇಗ ಮೆತ್ತಗಾಗದು. ಬೀಜ ಬೆಂದ ಬಳಿಕ ಇವನ್ನು ಬೆರೆಸಿ ಹತ್ತು ನಿಮಿಷ ಕುದಿಸಬೇಕು. ಕಾಯಿಯ ತುದಿಯನ್ನು ಮೊದಲೇ ತುಸು ಬಿರಿಯುವಂತೆ ಒತ್ತಿಟ್ಟರೆ ಸಾರ ಬೇಗ ಇಳಿಯುತ್ತದೆ. ಎಲ್ಲಕ್ಕಿಂತ ಮುಖ್ಯ, ಒಲೆ ಆರಿಸಿದ ಕೂಡಲೇ ಬಸಿಯಬಾರದು. ಅದೇ ನೀರಿನಲ್ಲಿ ಅರ್ಧ ಗಂಟೆಯಾದರೂ ತಣಿಯಬೇಕು. ಉಪ್ಪು ಖಾರ ಬೀಜಕ್ಕೆ ಹಿಡಿಯುವುದು ಆಗಲೇ. ಈ ತಾಳ್ಮೆ ಮಕ್ಕಳಲ್ಲಿ ಇರುವುದಿಲ್ಲ, ದೊಡ್ಡವರಲ್ಲೂ ಅಷ್ಟಕ್ಕಷ್ಟೆ.

ಬಿಡಿಸಿದ ಬೀಜಕ್ಕೆ ಈರುಳ್ಳಿ, ಮಾವಿನಕಾಯಿಯ ತುರಿ, ನಿಂಬೆರಸ ಬೆರೆಸಿದರೆ ಸಂಜೆಯ ತಿಂಡಿಯಾಯಿತು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಹಿಸುಕಿಯೇ ಕೊಡಬೇಕು. ಕಡಲೆಕಾಯಿ ಒಗ್ಗದ ಮಕ್ಕಳಿಗೆ ಬೇಯಿಸಿದ್ದೂ ಸಲ್ಲದು. ಶಾಲೆಯ ಡಬ್ಬಿಯಲ್ಲಿ ಹಂಚಿ ತಿನ್ನುವಾಗ ಇದನ್ನು ನೆನಪಿಡಬೇಕು.

ಬೆಂದ ಕಾಯಿ ಹುರಿದದ್ದರಂತೆ ಬಾಳುವುದಿಲ್ಲ. ಅಂದೇ ತಿಂದು ಮುಗಿಸುವುದು ಉತ್ತಮ. ಉಳಿದರೆ ಬಸಿದು ಫ್ರಿಜ್ಜಿನಲ್ಲಿಟ್ಟು ಮೂರು ದಿನದೊಳಗೆ ತಿನ್ನಬೇಕು. ಮುಟ್ಟಿದಾಗ ಲೋಳೆಯಾಗಿದ್ದರೆ, ಹುಳಿ ವಾಸನೆ ಬಂದರೆ ಚೆಲ್ಲಬೇಕು.